ಅಜ್ಜನ ಸ್ವರ ಉಳಿಸಿಕೊಟ್ಟವರು

ಚಿನ್ನೂ, ಪುಟ್ಟಾ, ಅಜ್ಜನ ಸ್ವರ ನನ್ನ ಹೊಸ ಫೋನಿಗೆ ಹೇಗೆ ಬಂತೆಂದು ಕೇಳಿದ್ದಿರಿ. ಎದುರು ಕೂತು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಬೋಟಿಗೆ ಹೋದ ಅಜ್ಜ, ದಡ ಹತ್ತಿರವಾಗಿ ನೆಟ್‌ವರ್ಕ್ ಸಿಕ್ಕಿದ ಕೂಡಲೇ ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಸ್ವರ ಅಂತ ನನಗೆ ಉಳಿದದ್ದು ಅಷ್ಟೇ. ಒಂದು ದಿನ ಬಂಗುಡೆ ಮೀನು ತೊಳೆಯಲು ಬಗ್ಗಿದಾಗ, ಸೊಂಟಕ್ಕೆ ಸಿಕ್ಕಿಸಿದ್ದ ಫೋನ್ ಐಸ್ ನೀರಿಗೆ ಬಿದ್ದು ಕೆಟ್ಟುಹೋಯಿತು.

ಹೆಮ್ಮಾಡಿಯಲ್ಲಿ ಕಂಪ್ಯೂಟರ್, ಫೋನ್ ರಿಪೇರಿ ಮಾಡುವ ಹೆಂಗಸೊಬ್ಬರಿದ್ದಾರೆ, ಅವರ ಅಂಗಡಿಗೆ ಒಯ್ದೆ. ಫೋನಿನೊಳಗಿದ್ದದ್ದನ್ನೆಲ್ಲ ಹೇಗೋ ತಮ್ಮ ಕಂಪ್ಯೂಟರಿಗೆ ತೆಗೆದುಕೊಂಡರು. ಆದರೆ ಅದರಲ್ಲಿ ಯಾರ್ಯಾರದೋ ಮಾತು ಸೇರಿತ್ತು. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ನನಗೆ ಓದಲು ಬಾರದು. ಅಜ್ಜನ ಹೆಸರೇನೆಂದು ಅವರು ಕೇಳಿದರು. ಮದುವೆಯಾದಂದಿನಿಂದ ನಾನು ಆ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದೆ.

ಅಲ್ಲಿ ಫೋನಿಗೆ ಗಾಜು ಹಾಕಿಸಲು ಕಾಯುತ್ತಿದ್ದವರೊಬ್ಬರು ನಕ್ಕರು. “ಹ್ವಾಯ್, ಎಲ್ಲಾ ಜೋರಾಗ್ ಹಾಕಿ. ಗಂಡನ್ ಸ್ವರ ಅಮ್ಮಂಗ್ ಗುರ್ತ ಸಿಕ್ತಿಲ್ಯಾ? ನಮ್ಗೂ ಹೊತ್ತ್ ಹೋತ್ತ್.”

ನನ್ನ ಕಿವಿ ಬಿಸಿಯಾಯಿತು. ಫೋನ್ ಹಾಗೇ ತೆಗೆದುಕೊಂಡು ಹೋಗಿಬಿಡೋಣ, ಸ್ವರವೂ ಬೇಡ ಅನ್ನಿಸಿತು.

ರಿಪೇರಿಯವರು ಆ ಗಿರಾಕಿಯ ಕಡೆ ನೋಡಲೇ ಇಲ್ಲ. “ಅದ್ ಇವ್ರ ಮನಿ ಮಾತ್. ರಿಪೇರಿಗ್ ಕೊಟ್ರ್ ಅಂದೇಳಿ ನಾನೂ ಕಿವಿ ಕೊಡುಕಾಗ, ನೀವೂ ಕೇಂಬುಕಾಗ,” ಎಂದು ತಡೆದರು. ಆಮೇಲೆ ನನ್ನ ಕಡೆ ತಿರುಗಿ, “ಅಮ್ಮಾ, ನಿಮ್ಗ್ ಹೇಳುಕಾಗದ್ ಹೆಸ್ರ್ ನಂಗೂ ಬೇಡ,” ಎಂದು ಕುರ್ಚಿ ಬಿಟ್ಟುಕೊಟ್ಟರು.

ನನ್ನ ಕಿವಿಗೆ ಹೆಡ್‌ಫೋನ್ ಇಟ್ಟು, ಯಾವುದನ್ನು ಒತ್ತಬೇಕು, ಬೇಕಾದದ್ದಕ್ಕೆ ಹೇಗೆ ಗುರುತು ಹಾಕಬೇಕು ಎಂದು ತೋರಿಸಿದರು. ನಗುತ್ತಿದ್ದವರನ್ನೂ ಕರೆದುಕೊಂಡು ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು.

ತಂಗಿಯ ಮಾತು, ಮೀನಿನವರ ಮಾತು ಎಲ್ಲ ದಾಟಿದ ಮೇಲೆ ಬಂತು: “ಉಂಡ್ಯಾ? ನನ್ನ ಕಾಯ್ಬೇಡ. ಬೆಳಿಗ್ಗೆ ಬತ್ತೆ.”

ಆ ಅಂಗಡಿಯಲ್ಲಿ ಕೂತು ಅತ್ತುಬಿಟ್ಟೆ, ಮಕ್ಕಳೇ. ಯಾರೂ ತಿರುಗಿ ನೋಡಲಿಲ್ಲ.

ಗುರುತು ಹಾಕಿದ್ದನ್ನೆಲ್ಲ ನಾನು ಕೊಂಡ ಹೊಸ ಫೋನಿಗೆ ಹಾಕಿಕೊಟ್ಟು, ತಮ್ಮ ಕಂಪ್ಯೂಟರಿನಲ್ಲಿದ್ದದ್ದನ್ನು ನನ್ನೆದುರೇ ಅಳಿಸಿದರು. ನಾನು ಕೇಳಿರಲಿಲ್ಲ, ಹಾಗೆ ಕೇಳಬೇಕೆಂದು ನನಗೆ ಗೊತ್ತೂ ಇರಲಿಲ್ಲ. ಈಗಲೂ ಬಸ್ಸು ಹೆಮ್ಮಾಡಿ ದಾಟುವಾಗ ಆ ಅಂಗಡಿಯ ಕಡೆ ನೋಡಿ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ನನ್ನ ಕಾಲದ ನಂತರ ಈ ಫೋನ್ ನಿಮ್ಮ ಕೈಗೆ ಬರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಮೇಲಿರುವ ಮಾತಿನಲ್ಲಿ ಅಜ್ಜ ನಿಮ್ಮಿಬ್ಬರನ್ನು ಕರೆದು ನಕ್ಕಿದ್ದಾರೆ, ಅದನ್ನು ಬೇಕಾದಷ್ಟು ಸಲ ಕೇಳಿ. ಉಳಿದವು ನನಗೆಂದೇ ಹೇಳಿದವು, ಅವನ್ನು ಕೇಳದೆ ಅಳಿಸಿಬಿಡಿ. ಇದನ್ನು ನಾನು ಬಾಯಿಬಿಟ್ಟು ಹೇಳಲಾರೆ. ಅದಕ್ಕೇ ಬರೆದ ಈ ಹಾಳೆಗಳನ್ನು ಆಗ ಈ ಫೋನಿನ ಜೊತೆಗೇ ಜೋಪಾನವಾಗಿ ಇಟ್ಟುಕೊಳ್ಳಿ.