ಅವ್ವನ ಎಡೆಗೆ ಬಂದ ಪೇಡೆ

ಅವ್ವ ತೀರಿಕೊಂಡ ಮೇಲೆ, ಎಡೆ ಇಡುವ ದಿನ, ಅವಳಿಗೆ ಸೇರುತ್ತಿದ್ದುದನ್ನೆಲ್ಲ ನಾನೇ ಮಾಡಿದೆ. ಎಣ್ಣೆಗಾಯಿ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಗೋಧಿ ಹುಗ್ಗಿ. ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಬೈರಿದೇವರಕೊಪ್ಪದ ಮನೆಯಲ್ಲಿ ಈಗ ನಾನೊಬ್ಬಳೇ. ಫೋಟೋದ ಮುಂದೆ ಏನಿಡಬೇಕು, ಏನು ಬೇಡ ಎಂಬುದನ್ನು ನಾನೇ ಹೇಳಬೇಕಿತ್ತು. ಅವ್ವನ ಊಟದಲ್ಲಿ ತಪ್ಪಾಗಬಾರದು. ಆ ದಿನಗಳಲ್ಲಿ ನನಗೆ ಸ್ಪಷ್ಟವಾಗಿದ್ದದ್ದು ಅದೊಂದೇ.

ಅವ್ವನ ತಂಗಿ, ನನ್ನ ಮೌಶಿ, ಧಾರವಾಡದಿಂದ ಬರುವಾಗ ಪೇಡೆಯ ಡಬ್ಬಿ ತಂದಿದ್ದಳು.

“ಅದು ಬ್ಯಾಡ ಮೌಶಿ,” ಎಂದೆ. “ಅವ್ವ ಅದನ್ನ ಕಾಶ್ಯಾಗ ಬಿಟ್ಟಿದ್ಲು.”

ಅಪ್ಪನ ಅಸ್ಥಿ ಬಿಡಲು ಕಾಶಿಗೆ ಹೋದಾಗ ಅವ್ವ, ಅಲ್ಲಿಗೆ ಹೋದವರ ವಾಡಿಕೆಯಂತೆ, ಒಂದು ತಿನಿಸನ್ನು ಬಿಟ್ಟು ಬಂದಿದ್ದಳು. ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಂದಿನಿಂದ ಮನೆಗೆ ಪೇಡೆ ಬರಲಿಲ್ಲ. ಇಡೀ ಮನೆಯೇ ಬಿಟ್ಟಿದೆ ಎಂದು ನಾನು ತಿಳಿದುಕೊಂಡೆ. ನಮ್ಮ ಕಡೆ ಇದು ಸುಲಭವಲ್ಲ. ಪಾಸಾದರೆ ಪೇಡೆ, ನಿಶ್ಚಯವಾದರೆ ಪೇಡೆ, ಸ್ಕೂಟಿ ಕೊಂಡರೂ ಪೇಡೆ. ಡಬ್ಬಿ ನನ್ನ ಹತ್ತಿರ ಬಂದರೆ ಮುಂದಿನವರಿಗೆ ದಾಟಿಸುತ್ತಿದ್ದೆ. “ಧಾರವಾಡದಾಗ ಓದಿ ಪೇಡೆ ತಿಂದಿಲ್ಲಂದ್ರ ನಿನ್ನ ಡಿಗ್ರಿ ವಾಪಸ್ ಕಸಗೋತಾರ ನೋಡು,” ಎಂದು ಗೆಳತಿಯೊಬ್ಬಳು ಕಾಡುತ್ತಿದ್ದಳು. ನಾನು ಕಾರಣ ಹೇಳುತ್ತಿರಲಿಲ್ಲ. ಮನೆಯ ಮಾತನ್ನು ಹೊರಗೆ ಆಡುವ ಅಭ್ಯಾಸ ನನಗಿಲ್ಲ.

“ಜೀವ ಇರೋತನಾ ಬಿಟ್ಟಿದ್ಲು. ಇನ್ನರ ತಿನ್ಲಿ,” ಎಂದಳು ಮೌಶಿ.

“ಅಕಿಗೆ ಅದು ಸೇರತಿರಲಿಲ್ಲ. ಅದರಾಗೇನೈತಿ, ಬರೇ ಸಕ್ರಿ ಅಂತಿದ್ಲು.”

ಮೌಶಿ ನಕ್ಕುಬಿಟ್ಟಳು. “ಸೇರಲಾರದ್ದನ್ನ ಯಾರರ ಕಾಶ್ಯಾಗ ಬಿಡತಾರೇನ, ಹುಚ್ಚಿ? ಹಂಗಿದ್ರ ಹಾಗಲಕಾಯಿ ಬಿಟ್ಟ ಬರತಿದ್ಲು! ಸಣ್ಣಾಕಿದ್ದಾಗ ತಲಿದಿಂಬಿನ ಕೆಳಗ ಪೇಡೆ ಇಟಗೊಂಡ ಮಲಗಾಕಿ. ಇರಬಿ ಬಂದು ನನ್ನ ಕಡೀತಿದ್ದವು.” ಆಮೇಲೆ ನನ್ನ ಮುಖ ನೋಡಿದಳು. “ನೀ ತಿಂತಿ ಹೌದಿಲ್ಲೋ?”

“ಇಲ್ಲ.”

“ಬಿಟ್ಟಾಕಿ ನಿಮ್ಮವ್ವ. ನಿನಗೇನಾಗಿತ್ತು?”

ಎಡೆಯಲ್ಲಿ ರೊಟ್ಟಿಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದೆ. ಮೌಶಿ ಎರಡು ಪೇಡೆ ಇಟ್ಟಳು. ತೀರಿಕೊಂಡವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಪಡಸಾಲೆಯಲ್ಲಿ ಕೂತೆವು. ಮೌಶಿ ಅತ್ತಳು. ನನಗೆ ಬಾಗಿಲ ಚಿಲಕ ಕಾಣುತ್ತಿತ್ತು, ರಸ್ತೆಯ ಬಸ್ಸುಗಳ ಸದ್ದು ಕೇಳುತ್ತಿತ್ತು. ಅಷ್ಟೇ.

ಬಾಗಿಲು ತೆರೆದ ಮೇಲೆ ಎಡೆಯನ್ನು ಮನೆಯವರೇ ಉಣ್ಣಬೇಕು. ಮೌಶಿ ಒಂದು ಪೇಡೆಯನ್ನು ನನ್ನ ಕೈಯಲ್ಲಿಟ್ಟಳು. ಮೇಲಿನ ಸಕ್ಕರೆ ಪುಡಿ ಮೊದಲು ನಾಲಿಗೆಗೆ ತಾಗಿತು. ಒಳಗೆ ಕಂದು ಬಣ್ಣ. ಹಾಲನ್ನು ಬಹಳ ಹೊತ್ತು ಕಾಸಿ, ಇನ್ನೇನು ಸೀಯುತ್ತದೆ ಎನ್ನುವಾಗ ಇಳಿಸಿದ ರುಚಿ. ತರಿತರಿಯಾಗಿ, ನಿಧಾನಕ್ಕೆ ಕರಗಿತು.

“ಹೆಂಗೈತಿ?”

“ಛಲೋ ಐತಿ,” ಎಂದೆ.

ಅವ್ವ ಹೇಳುತ್ತಿದ್ದಂತೆ ಅದು ಬರೀ ಸಕ್ಕರೆಯಾಗಿರಲಿಲ್ಲ. ಎಡೆಯಲ್ಲಿ ಉಳಿದಿದ್ದ ಇನ್ನೊಂದನ್ನೂ ನಾನೇ ತಿಂದೆ.