ಬಸ್ಸಿನ ಹಿಂಭಾರ

ನಾನು ಎಂಟು ವರ್ಷ ಬಸ್ಸಿನಲ್ಲಿ ಸಂಸಾರ ಮಾಡಿದವಳು. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಜನ ನಾ ಮುಂದು ತಾ ಮುಂದು ಎಂದು ಬೋರ್‌ವೆಲ್ ಕೊರೆಸುತ್ತಿದ್ದರು. ಕೊರೆಯುವ ಲಾರಿ ಮುಂದೆ, ಅದರ ಹಿಂದೆ ಕೆಲಸಗಾರರು ಉಳಿಯುವ ಬಸ್ಸು. ಹಳೆಯ ಬಸ್ಸೊಂದರ ಸೀಟು ಕಿತ್ತು, ಎರಡೂ ಬದಿಗೆ ಮಲಗಲು ಹಲಗೆ ಹೊಡೆದು, ಸೀಮೆಎಣ್ಣೆ ಸ್ಟೌ ಇಟ್ಟಿದ್ದರು. ಅದನ್ನು ಓಡಿಸುತ್ತಿದ್ದವರು ನಮ್ಮ ಯಜಮಾನರು. ಆರು ಜನ ಕೆಲಸಗಾರರಿಗೆ ಮುದ್ದೆ ತೊಳಸಿ ಹಾಕುತ್ತಿದ್ದವಳು ನಾನು. ಡ್ರೈವರ್ ಸೀಟಿನ ಹಿಂದೆ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿದರೆ ಅದೇ ನಮ್ಮ ಕೋಣೆ.

ನಮ್ಮ ಮದುವೆಯಾಗಿ ಆಗ ಎರಡನೆಯ ವರ್ಷ. ಮೊದಲ ಆಷಾಢವನ್ನು ಪದ್ಧತಿಯಂತೆ ಪಂಚನಹಳ್ಳಿಯ ತವರಿನಲ್ಲಿ ಕಳೆದಿದ್ದೆ. ಆಷಾಢದ ಗಾಳಿ ಬಸ್ಸನ್ನು ಏನು ಮಾಡುತ್ತದೆ ಎಂದು ನೋಡಿದ್ದು ಎರಡನೆಯ ವರ್ಷ, ಬೀರೂರಿನಿಂದ ಅಜ್ಜಂಪುರದ ಕಡೆಗೆ ಹೊರಟ ದಿನ. ಅದು ಬರೀ ಬಯಲು. ಎಡಗಡೆಯಿಂದ ಬೀಸಿದ ಗಾಳಿ ಬಸ್ಸನ್ನು ರಸ್ತೆಯ ನಡುವಿಗೆ ದಬ್ಬಿತು. ಎದುರಿಗೆ ತೆಂಗಿನಕಾಯಿ ಲಾರಿ ಬರುತ್ತಿತ್ತು. ಯಜಮಾನರು ಎಡಕ್ಕೆ ಎಳೆದರು. ಮೂತಿ ತಿರುಗಿತು, ಬಾಲ ತಿರುಗಲಿಲ್ಲ. ಆಮೇಲೆ ಬಾಲ ಒಂದೇ ಸಲ ಬೀಸಿ ಎಡದ ಚಕ್ರಗಳೆರಡೂ ಚರಂಡಿಗೆ ಇಳಿದವು. ಯಾರಿಗೂ ಪೆಟ್ಟಾಗಲಿಲ್ಲ. ಸಾರು ಮಾತ್ರ ಎಲ್ಲರ ಮೇಲೂ ಸಮನಾಗಿ ಹಂಚಿಹೋಯಿತು.

ಕೊರೆಯುವ ಲಾರಿಗೆ ಸರಪಳಿ ಕಟ್ಟಿ ಬಸ್ಸನ್ನು ಮೇಲೆಳೆಸಿ ಅಜ್ಜಂಪುರ ಸೇರಿದೆವು. ಸುದ್ದಿ ಕೇಳಿ ಲಾರಿ, ಬಸ್ಸು ಎರಡರ ಮಾಲೀಕರು ಮಾರನೆಯ ದಿನವೇ ಕಡೂರಿನಿಂದ ಜೀಪಿನಲ್ಲಿ ಬಂದರು. ಕೊಬ್ಬರಿ ವ್ಯಾಪಾರದಿಂದ ಬೋರ್‌ವೆಲ್ಲಿಗೆ ಇಳಿದವರು, ಕೆಟ್ಟವರೇನಲ್ಲ. ಬಸ್ಸನ್ನು ಒಂದು ಸುತ್ತು ಬಂದು ನನ್ನ ಅಡುಗೆ ಸಾಮಾನಿನ ಕಡೆ ಕಣ್ಣು ಹಾಯಿಸಿದರು.

"ಬಸ್ಸಲ್ಲಿ ಸಂಸಾರ ಹೂಡಿದ್ರೆ ಅಲ್ಲಾಡ್ದೆ ಇನ್ನೇನಾಯ್ತದೆ? ಈ ಬೋರ್ ಪಾಯಿಂಟ್ ಮುಗುಸ್ಕೊಂಡು ಕಡೂರಿಗೆ ಬಾ. ಅಲ್ಲಿಂದ ಆಯಮ್ಮನ್ನ ಪಂಚನಹಳ್ಳಿ ಬಸ್ ಹತ್ತುಸ್ಬುಡು. ಕೆಲಸದವ್ರು ಹೋಟ್ಲಲ್ಲಿ ತಿಂತಾರೆ" ಎಂದು ಯಜಮಾನರಿಗೆ ಹೇಳಿದರು. ನನ್ನ ಕಡೆ ನೋಡಲೂ ಇಲ್ಲ.

ನನ್ನ ಮೈ ಉರಿದುಹೋಯಿತು. ಗಂಡ ಮೂರು ತಿಂಗಳಿಗೊಮ್ಮೆ ನೆಂಟನ ಹಾಗೆ ಬಂದು ಉಂಡು ಹೋಗುವ ಬಾಳು ನನಗೆ ಬೇಡವಾಗಿತ್ತು. ಸುತ್ತಾಟವೋ ಧೂಳೋ, ನನಗೆ ಅವರ ಜೊತೆಯಲ್ಲೇ ಇರಬೇಕಿತ್ತು. ಅವರಂತೂ ಮಾತೇ ಕಡಿಮೆಯವರು. "ಆಯ್ತು ಅಣ್ಣ" ಎಂದುಬಿಟ್ಟರು. ಆ "ಆಯ್ತು"ವಿಗೆ ನಾನು ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ.

ಮಾಲೀಕರು ಕಡೂರಿನಿಂದ ಮೆಕ್ಯಾನಿಕ್ ಒಬ್ಬರನ್ನೂ ಕಳಿಸಿದರು. ಆತ ಹಿಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿ, "ಇನ್ನು ಬಂಡೆ ಇದ್ದಂಗಿರ್ತದೆ" ಎಂದು ಹೇಳಿ ಹೋದ. ಯಜಮಾನರು ಓಡಿಸಿ ನೋಡಿದರು. ಬಂಡೆ ಮೊದಲಿನಂತೆಯೇ ತೂಗಾಡುತ್ತಿತ್ತು.

ಅಜ್ಜಂಪುರದ ಹೊಲದ ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ನನಗೆ ಹೊಳೆದದ್ದು. ರಸ್ತೆಯಲ್ಲಿ ಮೂಟೆ ತುಂಬಿದ ಎತ್ತಿನ ಗಾಡಿಯೊಂದು ಬಂತು. ಏರು ಸಿಗುವ ಮೊದಲೇ ಗಾಡಿಯವನು ಕೆಳಗೆ ಧುಮುಕಿ, ಹಿಂದಿದ್ದ ಒಂದು ಮೂಟೆಯನ್ನು ಮುಂದಕ್ಕೆ ಎಳೆದು ಹಾಕಿದ. ನಾನು ಗಾಡಿಯವರ ಮಗಳು. ನಮ್ಮಪ್ಪ ಕಾಯಿ ಹೇರಿದ ಮೇಲೆ ಎತ್ತು ಹೂಡುವ ಮುಂಚೆ ಗಾಡಿಯ ಮೂಕಿಯನ್ನು, ಅಂದರೆ ನೊಗ ಕಟ್ಟುವ ಉದ್ದ ಮರವನ್ನು, ಕೈಯಲ್ಲಿ ಎತ್ತಿ ತೂಕ ನೋಡುತ್ತಿದ್ದ. ಮುಂಭಾರವಾದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ. ಹಿಂಭಾರವಾದರೆ ನೊಗ ಹೆಗಲು ಬಿಟ್ಟು ಮೇಲೇಳುತ್ತದೆ, ಎತ್ತಿಗೆ ಗಾಡಿಯ ಮೇಲೆ ಹಿಡಿತವೇ ಇರುವುದಿಲ್ಲ. ಎರಡರಲ್ಲಿ ಹಿಂಭಾರವೇ ಕೆಟ್ಟದ್ದು ಎನ್ನುತ್ತಿದ್ದ.

ಮಾತು ಬಿಟ್ಟಿದ್ದನ್ನು ಮರೆತು ಯಜಮಾನರನ್ನು ಕೇಳಿದೆ: "ಸ್ಟೀರಿಂಗ್ ಹೆಂಗೈತ್ರೀ, ಭಾರವೋ ಹಗುರವೋ?"

"ಅದೊಂದು ಚೆನ್ನಾಗೈತೆ ಕಣೇ. ಹೂವಿನಂಗೆ ತಿರುಗ್ತದೆ."

"ಅದೇ ಕಣ್ರೀ ಕಾಯಿಲೆ. ಹಿಂಭಾರಕ್ಕೆ ನಿಮ್ಮ ಬಸ್ಸಿನ ನೊಗ ಮೇಲೆದ್ದೈತೆ."

ಅವರು ಎದ್ದು ಹೋಗಿ ಬಸ್ಸಿನ ಹಿಂದಿನ ಬಾಗಿಲು ತೆಗೆದರು. ಕಲ್ಲು ಕೊರೆಯುವ ಉಕ್ಕಿನ ಬಿಟ್ಟುಗಳು, ಸರಪಳಿ, ತುಂಡು ಪೈಪು, ಎಲ್ಲವೂ ಅಲ್ಲೇ ಕೊನೆಯಲ್ಲಿ ಬಿದ್ದಿದ್ದವು. ತೆಗೆಯಲು ಸಲೀಸು ಎಂದು ಕೆಲಸಗಾರರು ಅಲ್ಲಿಗೇ ಎಸೆಯುತ್ತಿದ್ದರು. ಅವರನ್ನೆಲ್ಲ ಕರೆದು ಬಾಯಿ ತುಂಬ ಬೈಯಬೇಕು ಎಂದುಕೊಂಡೆ. ಅಷ್ಟರಲ್ಲಿ ಒಂದು ಗಾಳಿ ಬೀಸಿ ನಿಂತ ಬಸ್ಸೇ ಓಲಾಡಿತು. ತಲೆ ಎತ್ತಿ ನೋಡಿದೆ. ಟಾಪಿನ ಮೇಲೆ ನನ್ನ ರಾಗಿ ಮೂಟೆ, ಅಕ್ಕಿ ಮೂಟೆ, ಒರಳುಕಲ್ಲು, ನೀರಿನ ಡ್ರಮ್ಮು.

ಅವನ್ನು ಅಲ್ಲಿಗೆ ಹತ್ತಿಸಿದವಳು ನಾನೇ. ಇಕ್ಕಟ್ಟಿನ ಬಸ್ಸಿನಲ್ಲಿ ಆರು ಜನ ಗಂಡಸರ ಹನ್ನೆರಡು ಕಾಲು. ಅನ್ನ ಕೊಡುವ ಮೂಟೆಯನ್ನು, ಒರಳನ್ನು ಯಾರಾದರೂ ತುಳಿದಾರು, ದಾಟಿಯಾರು ಎಂದು ಹಟ ಹಿಡಿದು ಮೇಲೆ ಕಟ್ಟಿಸಿದ್ದೆ. ಒರಳು ಹತ್ತಿಸಲು ಮೂವರು ಹೆಣಗಿದ್ದರು. ಮಾಲೀಕರು ಅಂದದ್ದರಲ್ಲಿ ಅರ್ಧ ನಿಜವಿತ್ತು. ತಪ್ಪು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಆದರೂ ಆರೂ ಜನರ ಮುಂದೆ ನಿಂತು, "ಹಿಂದ್ಗಡೆ ಭಾರ ನಿಮ್ದು, ಮೇಲ್ಗಡೆ ಭಾರ ನಂದು. ಎರಡೂ ಇಳುಸ್ಬೇಕು" ಎಂದೆ. ಒಬ್ಬರೂ ನಗಲಿಲ್ಲ. ನನ್ನ ಬಾಯಿಗೆ ಹೆದರಿದ್ದರೆಂದು ಈಗ ಅನಿಸುತ್ತದೆ.

ಅರ್ಧ ದಿನ ಹಿಡಿಯಿತು. ಉಕ್ಕಿನ ಸಾಮಾನೆಲ್ಲ ನಮ್ಮ ಕೋಣೆಯ ಹಾಸಿಗೆಯ ಕೆಳಗೆ ಬಂತು. ಮೂಟೆಗಳನ್ನು ನಡುವೆ ನೆಲದ ಮೇಲಿಟ್ಟು, ಕಾಲು ತಗಲದಂತೆ ಸುತ್ತ ಹಲಗೆ ಹೊಡೆಸಿದೆ. ಒರಳಿಗೆ ಎಲ್ಲಿಯೂ ಮರೆಯಾದ ಜಾಗ ಸಿಗಲಿಲ್ಲ. ಅದು ಓಡಾಡುವ ದಾರಿಯ ಪಕ್ಕದಲ್ಲೇ ಕೂತಿತು. ಅವತ್ತಿನಿಂದ ಕಾಲು ತಗಲಿದವರೆಲ್ಲ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಮುಂದೆ ಹೋಗುತ್ತಿದ್ದರು. ಡ್ರಮ್ಮನ್ನು ಕೆಳಗಿಳಿಸಿ ಕಂಠಮಟ್ಟ ತುಂಬಿಸಿದೆವು. ಅರ್ಧ ನೀರಿದ್ದರೆ ಅದು ತಿರುವಿನಲ್ಲಿ ತುಳುಕಿ ಬಸ್ಸನ್ನೂ ಎಳೆಯುತ್ತಿತ್ತು. ಟಾಪಿನ ಮೇಲೆ ಪಟಪಟ ಹೊಡೆದುಕೊಳ್ಳುತ್ತಿದ್ದ ಟಾರ್ಪಾಲನ್ನು ಬಿಚ್ಚಿ ಮಡಿಸಿದೆವು. ಯಜಮಾನರು ಚಕ್ರಗಳ ಗಾಳಿ ನೋಡಿ, ಕಡಿಮೆಯಿದ್ದ ಒಂದಕ್ಕೆ ತಾವೇ ಪಂಪು ಹೊಡೆದರು.

ಅಜ್ಜಂಪುರದ ಕೆಲಸ ಮುಗಿದ ದಿನ ಮಾಲೀಕರು ಬಂದು ಜೀಪನ್ನು ಮುಂದೆ ಕಳಿಸಿದರು. "ನಾನೇ ಬಸ್ಸಲ್ಲಿ ಬತ್ತೀನಿ, ನೋಡೇಬುಡಾನ" ಎಂದು ಹಲಗೆಯ ಮೇಲೆ ಕೂತು ಕಂಬಿ ಹಿಡಿದುಕೊಂಡರು. ನನ್ನ ಬಟ್ಟೆಯ ಗಂಟು ತಯಾರಾಗಿದೆಯೇ ಎಂದೂ ಯಜಮಾನರನ್ನು ಕೇಳಿದರು. ನಾನು ಹೋಗಿ ಒರಳಿನ ಪಕ್ಕ ಕೂತೆ.

ಬೀರೂರಿನವರೆಗೆ ಗಾಳಿ ಬಲಗಡೆಯಿಂದ ಒಂದೇ ಸಮ ತಳ್ಳಿತು. ಬಸ್ಸು ವಾಲುತ್ತಿತ್ತು, ಆದರೆ ಬಾಲ ಬೀಸಲಿಲ್ಲ. ನಿಜವಾದ ಪರೀಕ್ಷೆ ಇದ್ದದ್ದು ಬೀರೂರು ದಾಟಿ ಹೆದ್ದಾರಿ ಸೇರಿದ ಮೇಲೆ. ಎದುರಿಗೆ ಸಾಲಾಗಿ ಲಾರಿಗಳು. ದೊಡ್ಡ ಲಾರಿ ಪಕ್ಕಕ್ಕೆ ಬಂದಾಗ ಗಾಳಿ ತಟ್ಟನೆ ನಿಲ್ಲುತ್ತದೆ, ಬಸ್ಸು ಅದರ ಕಡೆಗೇ ಎಳೆಯುತ್ತದೆ. ಲಾರಿ ದಾಟಿದ ಕೂಡಲೇ ಕಪಾಳಕ್ಕೆ ಹೊಡೆದಂತೆ ಮತ್ತೆ ಗಾಳಿ. ಯಜಮಾನರು ಲಾರಿ ಕಂಡಾಗಲೇ ವೇಗ ಇಳಿಸಿ, ಸ್ಟೀರಿಂಗನ್ನು ಎಳೆದಾಡದೆ ಹಿಡಿದು ಕೂರುತ್ತಿದ್ದರು. ಅದು ಅವರದೇ ವಿದ್ಯೆ, ಅದರಲ್ಲಿ ನನಗೆ ಪಾಲಿಲ್ಲ. ನಾಲ್ಕನೆಯ ಲಾರಿ ಹೋದ ಮೇಲೆ ಮಾಲೀಕರು ಕಂಬಿ ಬಿಟ್ಟು ಎಲೆಅಡಿಕೆ ಚೀಲ ತೆಗೆದರು.

ಕಡೂರಿನಲ್ಲಿ ಇಳಿದವರೇ ಮಾಲೀಕರು, "ಪಟ್ಟಿ ಹಾಕಿದ್ದು ಒಳ್ಳೇದಾಯ್ತು. ಮೆಕ್ಯಾನಿಕ್ ಗಟ್ಟಿಗ ಕಣಯ್ಯ" ಎಂದರು. ನನಗೆ ಅಳು ಬಂತು, ಸಿಟ್ಟಿಗೆ. ಬಾಯಿ ತೆಗೆಯುವಷ್ಟರಲ್ಲಿ ಯಜಮಾನರು ಬಸ್ಸಿನಿಂದ ಇಳಿದು ಬಂದರು.

"ಪಟ್ಟಿ ಹಾಕಿದ್ಮೇಲೂ ಅಲ್ಲಾಡ್ತಿತ್ತಣ್ಣ. ಬಸ್ ಸರಿ ಮಾಡಿದ್ದು ಇವಳು. ಮೂಕಿ ತೂಕ ನೋಡ್ದಂಗೆ ನೋಡಿ ಲೋಡು ಕಟ್ಟಿಸವ್ಳೆ. ಇವಳು ಇಳಿದ್ರೆ ನಾನೂ ಇಳೀತೀನಿ."

ನಮ್ಮವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವತ್ತು ಪಟ್ಟ ಹೆಮ್ಮೆಯಲ್ಲಿ ಯಾವುದು ನನ್ನ ಬಗ್ಗೆ, ಯಾವುದು ಅವರ ಬಗ್ಗೆ ಎಂದು ಬಿಡಿಸಿ ಹೇಳಲು ನನಗೆ ಇಂದಿಗೂ ಆಗುವುದಿಲ್ಲ.

ಮಾಲೀಕರು ಎಲೆಅಡಿಕೆ ಉಗಿದು ಬಂದು, ಬಸ್ಸಿನೊಳಕ್ಕೆ ಒಮ್ಮೆ ಇಣುಕಿದರು. ಅಲ್ಲಿದ್ದ ಅವರ ಗೋದಾಮಿನ ಗೋಡೆಗೆ ಒರಗಿಸಿದ್ದ ಹೊಸ ಕಬ್ಬಿಣದ ಪೈಪುಗಳು ತರೀಕೆರೆಯ ಪಾಯಿಂಟಿಗೆ ಹೋಗಬೇಕಿತ್ತು. ಅವನ್ನು ಹೊತ್ತು ಇಬ್ಬರು ಕೆಲಸಗಾರರು ಬಸ್ಸಿನ ಹಿಂದಿನ ಬಾಗಿಲಿನ ಕಡೆ ನಡೆದಿದ್ದರು.

"ಏಯ್, ನಿಲ್ರಲೇ" ಎಂದು ಅವರನ್ನು ತಡೆದು, ಮೊದಲ ಸಲ ನನ್ನ ಕಡೆ ನೇರವಾಗಿ ತಿರುಗಿದರು. "ಎಲ್ಲಿ ಇಡುಸ್ಲಿ ತಾಯಿ, ಹೇಳು."