ಖಾಲಿ ಜಾಗಕ್ಕೆ ಗೆರೆ

ಪಾಳ್ಯದ ಬೆಟ್ಟಮ್ಮನಿಗೆ ಖಾಲಿ ಕಾಗದ ಕಂಡರಾಗದು. ಕರೆಂಟ್ ಬಿಲ್ಲಿರಲಿ, ಸೊಸೈಟಿಯ ರಸೀದಿಯಿರಲಿ, ಮದುವೆಯ ಕರೆಯೋಲೆಯೇ ಇರಲಿ, ಕೈಗೆ ಬಂದ ಕೂಡಲೇ ಬರಹವಿಲ್ಲದ ಕಡೆಯೆಲ್ಲ ಪೆನ್ನಿನಿಂದ ಅಡ್ಡಗೆರೆ ಎಳೆದುಬಿಡುತ್ತಾಳೆ. "ನಾಳೆ ಯಾರಾದ್ರೂ ಅಲ್ಲಿ ಏನಾದ್ರೂ ಬರ್ಕಂಡ್ರೆ?" ಅನ್ನುವುದು ಅವಳ ಪ್ರಶ್ನೆ. ರೇಷನ್ ಅಂಗಡಿಯಲ್ಲಿ ತಕ್ಕಡಿಯ ಅಡಿಗೆ ಬಗ್ಗಿ ನೋಡದೆ ಅಕ್ಕಿ ತಂದವಳಲ್ಲ. ಹಗ್ಗ ಕಂಡರೂ ಹಾವೆನ್ನುವ ಜೀವ ಎಂದು ಊರವರು ನಗುತ್ತಾರೆ. ನಗಲಿ ಬಿಡಿ, ಹಾವು ಕಚ್ಚಿದ್ದು ಅವರನ್ನಲ್ಲವಲ್ಲ.

ಗಂಡ ತೀರಿಕೊಂಡ ಮೇಲೆ ಮೈದುನ ರಂಗಸ್ವಾಮಿ ಮೂರು ಎಕರೆ ಕಾಫಿ ತೋಟ ಪೂರ್ತಿ ತನ್ನದೆಂದ. ಗಂಡನ ಪಾಲು ಕೊಡಿಸಿ ಎಂದು ಬೆಟ್ಟಮ್ಮ ಆಲೂರಿನ ಕೋರ್ಟಿಗೆ ಹೋದಳು. ರಂಗಸ್ವಾಮಿ ಹಳೆಯ ಪಾಲುಪಟ್ಟಿಯೊಂದನ್ನು ತೆಗೆದು ತೋರಿಸಿದ. ತೋಟವೆಲ್ಲ ತಮ್ಮನಿಗೇ ಎಂದು ಅದರಲ್ಲಿ ಬರೆದಿತ್ತು, ಕೆಳಗೆ ಅಣ್ಣನ ಸಹಿ. ಸಹಿ ನಿಜಕ್ಕೂ ಅವಳ ಗಂಡನದೇ. ಕೇಸು ಬಿದ್ದುಹೋಯಿತು. ಆ ತೋಟದ ಪಾಲು ಬಿಟ್ಟರೆ ಅವಳಿಗೆ ಬೇರೆ ಅನ್ನದ ದಾರಿಯಿಲ್ಲ.

ಅವಳ ವಕೀಲೆ ಹೇಮಶ್ರೀ ಬಿಡಿಸಿ ಹೇಳಿದಳು. "ಮೇಲಿನ ಕೋರ್ಟಿಗೆ ಅಪೀಲು ಹಾಕೋಣ ಬೆಟ್ಟಮ್ಮೋರೇ. ಮೂವತ್ತು ದಿನ ಟೈಮು. ತೀರ್ಪಿನ ನಕಲು ತಯಾರಿಸೋಕೆ ಕೋರ್ಟು ತಗೊಂಡ ದಿನ ಅದರಲ್ಲಿ ಸೇರಲ್ಲ. ತೀರ್ಪು, ಅದರ ಸಾರ ಬರೆದಿರೋ ಡಿಕ್ರಿ, ಎರಡರದ್ದೂ ಸೀಲಿರೋ ಕಾಪಿಯೇ ಬೇಕು. ಬಂದ ತಕ್ಷಣ ನನ್ನ ಕೈಗೆ ಕೊಡಿ."

ಆ ಕೊನೆಯ ಮಾತೇ ಬೆಟ್ಟಮ್ಮನಿಗೆ ಕುಟುಕಿತು. ಈ ಹುಡುಗಿ ರಂಗಸ್ವಾಮಿಯ ವಕೀಲನ ಜೊತೆ ಕ್ಯಾಂಟೀನಿನಲ್ಲಿ ನಗುನಗುತ್ತ ಟೀ ಕುಡಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ನಕಲಿಗೆ ತಾನೇ ಅರ್ಜಿ ಹಾಕಿ, ತಾನೇ ತಂದು, ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಹೇಮಶ್ರೀ ಫೋನು ಮಾಡಿದಾಗಲೆಲ್ಲ "ಇನ್ನೂ ಬಂದಿಲ್ಲ ಕಣವ್ವ" ಎಂದಳು. ಗಡುವಿಗೆ ಒಂದೇ ದಿನ ಉಳಿದಾಗ ಒಲ್ಲದ ಮನಸ್ಸಿನಿಂದ ಬಸ್ಸು ಹತ್ತಿ ಹೋಗಿ ಕೊಟ್ಟಳು.

ಹೇಮಶ್ರೀ ಪುಟ ತಿರುವಿ ಹೌಹಾರಿದಳು. ಅಂಚಿನಲ್ಲಿ, ಸೀಲಿನ ಪಕ್ಕದಲ್ಲಿ, ಕೊನೆಯ ಅರ್ಧ ಪುಟದಲ್ಲಿ, ಎಲ್ಲಿ ನೋಡಿದರೂ ನೀಲಿ ಗೆರೆ.

"ಅಯ್ಯೋ, ಗೀಚಿರೋ ಕಾಪಿ ಕೋರ್ಟಿನಲ್ಲಿ ತಗೊಳ್ಳಲ್ಲಮ್ಮ!"

ಹೊಸ ನಕಲು ಕೈಗೆ ಬರುವಷ್ಟರಲ್ಲಿ ಗಡುವು ಮುಗಿದು ಒಂಬತ್ತು ದಿನವಾಗಿತ್ತು. ಇನ್ನು ಅಪೀಲಿನ ಜೊತೆಗೆ, ತಡವನ್ನು ಮನ್ನಿಸಿ ಎಂದು ಬೇರೆ ಅರ್ಜಿ ಹಾಕಬೇಕು. ತಡಕ್ಕೆ ಕಾರಣವನ್ನು ಪ್ರಮಾಣ ಮಾಡಿ ಬರೆದುಕೊಡಬೇಕು.

"ಇದ್ದದ್ದು ಇದ್ದಂಗೆ ಹೇಳಿ. ಯಾಕೆ ಗೀಚಿದ್ರಿ?" ಎಂದು ಹೇಮಶ್ರೀ ಪೆನ್ನು ಹಿಡಿದು ಕೂತಳು.

ಬೆಟ್ಟಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಪಂಪ್‌ಸೆಟ್ಟಿಗೆ ಕರೆಂಟ್ ಹಾಕುಸ್ತೀನಿ ಅಂತ ರಂಗಸ್ವಾಮಿ ಬಂದಿದ್ದ. ನಮ್ಮ ಯಜಮಾನ್ರು ನಂಬಿ ಖಾಲಿ ಹಾಳೆಗೆ ಸೈನ್ ಹಾಕಿ ಕೊಟ್ಬುಟ್ರು. ಅದ್ರ ಮೇಲೇ ಕಣವ್ವ ಅವ್ನು ಪಾಲುಪಟ್ಟಿ ಬರ್ಕಂಡಿರೋದು. ಕೊಡೋವಾಗ ನಾನಿದ್ದೆ, ಪಕ್ಕದ್ಮನೆ ಮಾದಮ್ಮನೂ ಇದ್ಳು."

ಹೇಮಶ್ರೀ ಪೆನ್ನು ಕೆಳಗಿಟ್ಟಳು. "ಮೂರು ವರ್ಷ ಕೇಸು ನಡೀತು. ಒಂದು ಸಲಾನೂ ಇದನ್ನ ಹೇಳಲಿಲ್ಲ ನೀವು! ಮಾದಮ್ಮನ ಸಾಕ್ಷಿ ಹಾಕಿಸ್ತಿದ್ದೆ. ಅಪೀಲಿನಲ್ಲಿ ಹೊಸ ಸಾಕ್ಷಿ ತರೋಕೆ ಸುಲಭಕ್ಕೆ ಬಿಡಲ್ಲ ಅಮ್ಮ."

"ನಿಂಗೆ ಹೇಳಿದ್ರೆ ರಂಗಸ್ವಾಮಿ ವಕೀಲ್ರಿಗೆ ಮುಟ್ಟಿಸ್ತೀಯ ಅನ್ಕಂಡಿದ್ದೆ." ಬೆಟ್ಟಮ್ಮನಿಗೆ ಅಳು ಒತ್ತರಿಸಿ ಬಂತು. "ಜಡ್ಜ್ ಸಾಹೇಬ್ರು ಕೇಳಿದ್ರೆ ಹೇಳಾಣ ಅಂತಿದ್ದೆ ಕಣವ್ವ. ಅವ್ರು ಕೇಳ್ಲೇ ಇಲ್ಲ."